ರಾಜ್ಯದ ಸರಾಸರಿಯಲ್ಲಿ ಕರಗಿಹೋಗುವ ಜೊಯಿಡಾದ ಮಜರೆ: ಟ್ರಾಯ್ ಅಳತೆಗೋಲು ಮತ್ತು ಉತ್ತರ ಕನ್ನಡದ ನೆಟ್‌ವರ್ಕ್

ಉತ್ತರ ಕನ್ನಡದ ಗ್ರಾಮಸಭೆಗಳಲ್ಲಿ ಕಾಲುಸಂಕ, ರಸ್ತೆ, ಕುಡಿಯುವ ನೀರಿನ ಜೊತೆಗೆ ಈಗ ತಪ್ಪದೆ ಬರುವ ಬೇಡಿಕೆ ಮೊಬೈಲ್ ಟವರ್. ಮನವಿ ಸಂಸದರಿಗೆ ಹೋಗುತ್ತದೆ, ಬಿಎಸ್‌ಎನ್‌ಎಲ್‌ಗೆ ಹೋಗುತ್ತದೆ, ಜಿಲ್ಲಾಧಿಕಾರಿಗೆ ಹೋಗುತ್ತದೆ. ಕೆಲವೊಮ್ಮೆ ದೆಹಲಿಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೂ, ಅಂದರೆ ಟ್ರಾಯ್‌ಗೂ ಹೋಗುತ್ತದೆ. ‘ನಮ್ಮೂರಿಗೆ ಟವರ್ ಕೊಡಿ’ ಎಂದು ಟ್ರಾಯ್‌ಗೆ ಬರೆದರೆ ಟವರ್ ಬರುವುದಿಲ್ಲ. ಆ ಸಂಸ್ಥೆ ಟವರ್ ಹಾಕುವುದಿಲ್ಲ, ಹಾಕಲು ಹಣ ಕೊಡುವುದಿಲ್ಲ, ಒಬ್ಬೊಬ್ಬ ಗ್ರಾಹಕರ ದೂರನ್ನು ಕೈಗೆತ್ತಿಕೊಂಡು ವಿಚಾರಿಸುವುದೂ ಇಲ್ಲ. ಆದರೆ ಅದರ ಕೈಯಲ್ಲಿ ಒಂದು ಅಧಿಕಾರವಿದೆ. ಸೇವೆ ಸರಿಯಾಗಿ ಸಿಗುತ್ತಿದೆಯೋ ಇಲ್ಲವೋ ಎಂಬುದನ್ನು ಯಾವ ಅಳತೆಗೋಲು ಹಿಡಿದು ನೋಡಬೇಕು ಎಂದು ಗೊತ್ತುಮಾಡುವುದು ಅದೇ. ಘಟ್ಟದ ಊರುಗಳ ಮಟ್ಟಿಗೆ ಇದು ಟವರಿನಷ್ಟೇ ದೊಡ್ಡ ವಿಷಯ. ಏಕೆಂದರೆ ಈಗಿನ ಅಳತೆಗೋಲಿನಲ್ಲಿ ಜೊಯಿಡಾದ ಒಂದು ಮಜರೆ ವಾರಗಟ್ಟಲೆ ಮೂಕವಾದರೂ ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಮೊದಲು ಯಾರ ಕೆಲಸ ಏನೆಂದು ಬಿಡಿಸಿಕೊಳ್ಳೋಣ. ಟ್ರಾಯ್ ಹುಟ್ಟಿದ್ದು 1997ರ ಕಾಯ್ದೆಯಿಂದ. ದರದ ಚೌಕಟ್ಟು, ಕಂಪನಿಗಳ ನಡುವಿನ ಸಂಪರ್ಕ, ಸೇವೆಯ ಗುಣಮಟ್ಟ ಇವುಗಳ ಮೇಲೆ ಅದು ನಿಯಮ ಮಾಡಬಲ್ಲದು. ತರಂಗಾಂತರ ಹಂಚಿಕೆ, ಪರವಾನಗಿ, ಗ್ರಾಮೀಣ ವಿಸ್ತರಣೆಯ ವಿಷಯದಲ್ಲಿ ಅದು ಕೊಡುವುದು ಶಿಫಾರಸು ಮಾತ್ರ. ತೀರ್ಮಾನ ಕೇಂದ್ರದ ದೂರಸಂಪರ್ಕ ಇಲಾಖೆಯದು. ಹಣ ಬರುವುದು ಬೇರೆ ಕಡೆಯಿಂದ. ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದಲ್ಲಿ ಶೇ. 8ನ್ನು ಪರವಾನಗಿ ಶುಲ್ಕವಾಗಿ ಕಟ್ಟುತ್ತವೆ, ಆ ಎಂಟರಲ್ಲಿ ಐದು, ಅಂದರೆ ಆದಾಯದ ಶೇ. 5, ಹಳ್ಳಿ ಸಂಪರ್ಕಕ್ಕೆಂದು ಮೀಸಲಾದ ನಿಧಿಗೆ ಹೋಗುತ್ತದೆ. 2002ರಲ್ಲಿ ಶುರುವಾದಾಗ ಅದರ ಹೆಸರು ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಶನ್ ಫಂಡ್. 2023ರ ದೂರಸಂಪರ್ಕ ಕಾಯ್ದೆ ಅದನ್ನು ಡಿಜಿಟಲ್ ಭಾರತ್ ನಿಧಿ ಮಾಡಿತು. 300 ರೂಪಾಯಿ ರೀಚಾರ್ಜ್‌ನಲ್ಲಿ ಜಿಎಸ್‌ಟಿ ಕಳೆದರೆ ಸುಮಾರು 254 ಉಳಿಯುತ್ತದೆ, ಅದರ ಶೇ. 5 ಎಂದರೆ ಹೆಚ್ಚುಕಡಿಮೆ 12–13 ರೂಪಾಯಿ. ಕದ್ರಾದಲ್ಲಿ ರೀಚಾರ್ಜ್ ಮಾಡಿದವರೂ ಬೆಂಗಳೂರಿನಲ್ಲಿ ಮಾಡಿದವರೂ ಸಮವಾಗಿ ಈ ನಿಧಿಗೆ ಕೊಡುತ್ತಾರೆ. ಹಳ್ಳಿಯ ಟವರ್ ಯಾರ ದಾನವೂ ಅಲ್ಲ.

ಈ ನಿಧಿಯಿಂದ ನಡೆಯುತ್ತಿರುವ ದೊಡ್ಡ ಕೆಲಸ 4ಜಿ ಸ್ಯಾಚುರೇಶನ್ ಯೋಜನೆ, ಅಂದರೆ 4ಜಿ ತಲುಪದ ಹಳ್ಳಿಗಳಿಗೆಲ್ಲ ಅದನ್ನು ಮುಟ್ಟಿಸುವುದು. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ವೆಚ್ಚ 26,316 ಕೋಟಿ ರೂಪಾಯಿ, ಗುರಿ ದೇಶದ 24,680 ಹಳ್ಳಿ, ಕೆಲಸ ಬಿಎಸ್‌ಎನ್‌ಎಲ್‌ನದು. ಹೊಸ ವಸತಿ, ಪುನರ್ವಸತಿ, ಇದ್ದ ಕಂಪನಿ ಸೇವೆ ನಿಲ್ಲಿಸಿದ್ದು ಇಂಥ ಕಾರಣಕ್ಕೆ ಶೇ. 20ರಷ್ಟು ಹಳ್ಳಿಗಳನ್ನು ಹೆಚ್ಚುವರಿಯಾಗಿ ಸೇರಿಸಲು ಅದರಲ್ಲೇ ಅವಕಾಶವಿದೆ. ಪಟ್ಟಿಯಲ್ಲಿ ಬಿಟ್ಟುಹೋದ ಊರಿನ ಪಂಚಾಯಿತಿ ಈ ಅಂಶವನ್ನು ಮನವಿಯಲ್ಲಿ ಎತ್ತಿ ಬರೆಯುವುದು ಒಳ್ಳೆಯದು.

ಪಟ್ಟಿಯಲ್ಲಿ ಊರು ಏಕೆ ಬಿಟ್ಟುಹೋಗುತ್ತದೆ? ಲೆಕ್ಕ ಕಂದಾಯ ಗ್ರಾಮದ್ದು. ಬಯಲುಸೀಮೆಯಲ್ಲಿ ಕಂದಾಯ ಗ್ರಾಮವೆಂದರೆ ಒಂದೇ ಕಡೆ ಒತ್ತಾಗಿ ನಿಂತ ಮನೆಗಳು. ಒಂದು ಟವರ್ ಊರನ್ನೆಲ್ಲ ಮುಟ್ಟುತ್ತದೆ. ಇಲ್ಲಿ ಒಂದು ಗ್ರಾಮದೊಳಗೆ ನಾಲ್ಕಾರು ಮಜರೆ, ಮಜರೆಯೊಂದರಲ್ಲಿ ಹತ್ತು ಹದಿನೈದು ಮನೆ, ನಡುವೆ ಗುಡ್ಡ, ಹಳ್ಳ, ಕಾಡು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 14,37,169. ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಚದರ ಕಿಲೋಮೀಟರಿಗೆ ಸುಮಾರು 140 ಜನ. ಅವರಲ್ಲೂ ದೊಡ್ಡ ಪಾಲು ಕರಾವಳಿಯ ಪಟ್ಟಿಯಲ್ಲಿ. ಶಾಲೆಯ ಹತ್ತಿರ ಯಾವುದೋ ಒಂದು ಕಂಪನಿಯ 4ಜಿ ಸಿಕ್ಕರೆ ಇಡೀ ಗ್ರಾಮ ‘ವ್ಯಾಪ್ತಿಯೊಳಗೆ’ ಸೇರಿತು. ಮೂರು ಕಿಲೋಮೀಟರ್ ಆಚೆಯ ಮಜರೆಯವರು ಪಡಿತರದ ಹೆಬ್ಬೆಟ್ಟು ಒತ್ತಲು ಗುಡ್ಡ ಹತ್ತಿದರೂ ಪಟ್ಟಿಗೆ ಅದು ಗೊತ್ತಾಗುವುದಿಲ್ಲ.

ಈಗ ಟ್ರಾಯ್ ಅಳತೆಗೆ ಬರೋಣ. ಗುಣಮಟ್ಟದ ಅಂಕಿ ಅಂಶವನ್ನು ಸೇವಾ ವಲಯವಾರು ನೋಡಲಾಗುತ್ತದೆ, ಮತ್ತು ಕರ್ನಾಟಕ ಇಡೀ ಒಂದೇ ವಲಯ. 2009ರ ನಿಯಮಾವಳಿಯಿಂದ ಬಂದ ಮುಖ್ಯ ಮಾನದಂಡ ಎರಡು. ವಲಯದ ಎಲ್ಲ ಟವರ್‌ಗಳ ಒಟ್ಟು ಸ್ಥಗಿತ ಸಮಯ ತಿಂಗಳಿಗೆ ಶೇ. 2 ಮೀರಬಾರದು. ತಿಂಗಳಲ್ಲಿ ಒಟ್ಟು 24 ಗಂಟೆಗಿಂತ ಹೆಚ್ಚು ಹೊತ್ತು ನಿಂತ ಟವರ್‌ಗಳ ಪಾಲು ಶೇ. 2 ಮೀರಬಾರದು. ಕೇಳಲು ಬಿಗಿಯಾಗಿದೆ. ಲೆಕ್ಕ ಮಾಡಿ ನೋಡಿ. ಒಂದು ಕಂಪನಿಗೆ ವಲಯದಲ್ಲಿ 1,000 ಟವರ್ ಇವೆ ಎನ್ನೋಣ. 980 ಟವರ್ ಒಂದು ನಿಮಿಷವೂ ನಿಲ್ಲಲಿಲ್ಲ, 20 ಟವರ್ ಇಡೀ ತಿಂಗಳು ಸತ್ತಿದ್ದವು. ಒಟ್ಟು ಸ್ಥಗಿತ ಸರಿಯಾಗಿ ಶೇ. 2. ಕೆಟ್ಟ ಟವರ್‌ಗಳ ಪಾಲೂ ಶೇ. 2. ಎರಡೂ ಪರೀಕ್ಷೆಯಲ್ಲಿ ಕಂಪನಿ ಪಾಸು. ಆ ಇಪ್ಪತ್ತು ಟವರ್ ರಾಜ್ಯದ ತುಂಬ ಚದುರಿ ಹೋಗಿದ್ದರೆ ಸಹಿಸಬಹುದಿತ್ತೇನೋ. ಮಳೆಗಾಲದಲ್ಲಿ ಅವು ಚದುರುವುದಿಲ್ಲ. ಕರೆಂಟ್ ಹೋಗುವ, ಮರ ಬೀಳುವ, ರಸ್ತೆ ಕುಸಿಯುವ ಘಟ್ಟದ ಸಾಲಿನಲ್ಲೇ ಒಟ್ಟಾಗಿ ಬೀಳುತ್ತವೆ. ಒಂದೇ ತಾಲ್ಲೂಕಿನ ಇಪ್ಪತ್ತು ಟವರ್ ಒಮ್ಮೆಲೇ ಹೋದರೂ ರಾಜ್ಯದ ಸರಾಸರಿ ಅಲುಗುವುದಿಲ್ಲ.

2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ಹೊಸ ಗುಣಮಟ್ಟ ನಿಯಮಾವಳಿ ಈ ದಿಕ್ಕಿನಲ್ಲಿ ನಿಜವಾದ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಲ್ಯಾಂಡ್‌ಲೈನ್, ಮೊಬೈಲ್, ಬ್ರಾಡ್‌ಬ್ಯಾಂಡ್‌ಗೆ ಬೇರೆ ಬೇರೆಯಾಗಿದ್ದ ನಿಯಮಗಳು ಒಂದಾದವು. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದ ಮೊಬೈಲ್ ಗುಣಮಟ್ಟವನ್ನು 2025ರ ಏಪ್ರಿಲ್‌ನಿಂದ ತಿಂಗಳಿಗೊಮ್ಮೆ ನೋಡುವ ಪದ್ಧತಿ ಬಂತು. ಎಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆ ಎಂಬ ನಕ್ಷೆಯನ್ನು ಪ್ರತಿ ಕಂಪನಿ ತನ್ನ ಜಾಲತಾಣದಲ್ಲಿ ಹಾಕಲೇಬೇಕಾಯಿತು. ಒಂದು ಜಿಲ್ಲೆಯಲ್ಲಿ ಸೇವೆ ಸತತ 4 ಗಂಟೆಗಿಂತ ಹೆಚ್ಚು ನಿಂತರೆ 24 ಗಂಟೆಯೊಳಗೆ ಟ್ರಾಯ್‌ಗೆ ವರದಿ. 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ.

ಮಳೆಗಾಲದ ಉತ್ತರ ಕನ್ನಡಕ್ಕೆ ಇದು ಹೇಳಿಮಾಡಿಸಿದ ನಿಯಮದಂತೆ ಕಾಣುತ್ತದೆ. ತೊಡಕು ‘ಜಿಲ್ಲೆ’ ಎಂಬ ಘಟಕದಲ್ಲಿದೆ. ನಮ್ಮದು ಹನ್ನೆರಡು ತಾಲ್ಲೂಕಿನ ಜಿಲ್ಲೆ. ಭಟ್ಕಳದಿಂದ ಹಳಿಯಾಳದವರೆಗೆ ಹಬ್ಬಿದೆ. ಸಮುದ್ರ, ಘಟ್ಟ, ಅರೆಬಯಲು ಮೂರೂ ಇದರೊಳಗಿವೆ. ಕ್ಯಾಸಲ್‌ರಾಕ್ ಸುತ್ತಲಿನ ಟವರ್‌ಗಳು ಐದು ದಿನ ನಿಂತಾಗ ಕಾರವಾರ, ಕುಮಟಾ, ಶಿರಸಿ ಪೇಟೆಯಲ್ಲಿ ಫೋನ್ ನಡೆಯುತ್ತಲೇ ಇರುತ್ತದೆ. ಜಿಲ್ಲೆಗೆ ಸೇವೆ ಇದೆ ಎಂದಾಯಿತು. ವರದಿಯೂ ಇಲ್ಲ, ವ್ಯಾಲಿಡಿಟಿಯೂ ಇಲ್ಲ. ಘಟಕ ತಾಲ್ಲೂಕಿಗೆ ಇಳಿದರೆ ಈ ಚಿತ್ರ ಬದಲಾಗುತ್ತದೆ, ಹೋಬಳಿಗೆ ಇಳಿದರೆ ಇನ್ನೂ ಬದಲಾಗುತ್ತದೆ. ಯಾವ ಟವರ್ ಯಾವ ನಿಮಿಷ ನಿಂತಿತು, ಯಾವ ನಿಮಿಷ ಎದ್ದಿತು ಎಂಬುದು ಪ್ರತಿ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ತಾನಾಗಿಯೇ ದಾಖಲಾಗುತ್ತದೆ. ಆದ್ದರಿಂದ ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಇರುವ ದಾಖಲೆಯನ್ನು ಬೇರೆ ಗೆರೆ ಎಳೆದು ಕೂಡಿಸಿದರೆ ಸಾಕು.

ನಕ್ಷೆಗೂ ಮಿತಿಯಿದೆ. ವ್ಯಾಪ್ತಿ ನಕ್ಷೆ ಸಾಮಾನ್ಯವಾಗಿ ಗಣಕದ ಅಂದಾಜು: ಟವರ್ ಎತ್ತರ, ಆಂಟೆನಾ ದಿಕ್ಕು, ಭೂಮಿಯ ಏರಿಳಿತ ಕೊಟ್ಟರೆ ಬಣ್ಣ ತುಂಬುತ್ತದೆ. ಅದು ಮನೆಯ ಹೊರಗಿನ ಸಿಗ್ನಲ್. ಚಿರೆಕಲ್ಲಿನ ದಪ್ಪ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಬಹಳಷ್ಟು ಸೋರಿಹೋಗುತ್ತದೆ, ತಗಡಿನ ಮಾಡು ಇದ್ದರೆ ಇನ್ನೂ ಹೆಚ್ಚು. ಮಳೆಯಲ್ಲಿ ನೆಂದ ಕಾಡು ಬೇಸಿಗೆಯ ಕಾಡಿಗಿಂತ ಹೆಚ್ಚು ಸಿಗ್ನಲ್ ಹೀರುತ್ತದೆ. ಟ್ರಾಯ್ ತಾನೇ ನಡೆಸುವ ಡ್ರೈವ್ ಟೆಸ್ಟ್ ನಗರ, ಹೆದ್ದಾರಿ, ರೈಲು ಮಾರ್ಗಗಳಲ್ಲಿ ನಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕಾರು ಓಡಿಸಿ ಅಳೆದ ಸಿಗ್ನಲ್ ಹಿಲ್ಲೂರು, ಅಚವೆ ಕಡೆಯ ಒಳಮಜರೆಗಳ ಬಗ್ಗೆ ಏನೂ ಹೇಳಲಾರದು.

ಇನ್ನು ಟವರ್ ನಿಲ್ಲಿಸುವ ಜಾಗ. ಘಟ್ಟದ ನೆಟ್‌ವರ್ಕ್ ಸಮಸ್ಯೆಯ ಬೇರು ಇಲ್ಲಿದೆ. ಈ ಜಿಲ್ಲೆಯಲ್ಲಿ ಮಾಲ್ಕಿ ಜಮೀನು ಇರುವುದು ತಗ್ಗಿನಲ್ಲಿ: ಹಳ್ಳದ ಬದಿಯ ಅಡಿಕೆ ತೋಟ, ಗದ್ದೆ, ಅದರ ಅಂಚಿನ ಮನೆ. ಮೇಲಿನ ಸೊಪ್ಪಿನ ಬೆಟ್ಟ, ಗುಡ್ಡದ ನೆತ್ತಿ ಬಹುತೇಕ ಅರಣ್ಯ ಇಲಾಖೆಯ ಲೆಕ್ಕದಲ್ಲಿದೆ. ಸಿಗ್ನಲ್‌ಗೆ ಬೇಕಾದದ್ದು ನೆತ್ತಿ, ಕಾಗದಪತ್ರ ಸಲೀಸಾಗಿ ಆಗುವುದು ತಗ್ಗಿನಲ್ಲಿ. ಹೀಗಾಗಿ ಕಂಪನಿ ಮಾಲ್ಕಿ ಜಾಗ ಬಾಡಿಗೆಗೆ ಹಿಡಿದು 40 ಮೀಟರ್ ಟವರ್ ನಿಲ್ಲಿಸುತ್ತದೆ. ಎದುರಿನ ಗುಡ್ಡ 150 ಮೀಟರ್ ಇದ್ದರೆ ಅದರ ಹಿಂದಿನ ಮಜರೆ ಪೂರ್ತಿ ನೆರಳಿನಲ್ಲಿ. ಟವರನ್ನು ಇನ್ನೂ ಹತ್ತು ಮೀಟರ್ ಎತ್ತರಿಸಿ ಎಂಬ ಬೇಡಿಕೆ ಆಗಾಗ ಕೇಳುತ್ತೇವೆ. ಇಂಥ ಕಡೆ ಅದರಿಂದ ಪ್ರಯೋಜನವಿಲ್ಲ. ಜಾಗವೇ ಬದಲಾಗಬೇಕು.

ಅರಣ್ಯ ಜಾಗಕ್ಕೆ ಎರಡು ದಾರಿಗಳಿವೆ. ಒಂದು, ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ. ಇನ್ನೊಂದು, 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2). ಶಾಲೆ, ಅಂಗನವಾಡಿ, ರಸ್ತೆ ಮುಂತಾದ ಹದಿಮೂರು ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಜಾಗ ಕೊಡಲು ಅದು ಅವಕಾಶ ಕೊಡುತ್ತದೆ. ಆ ಪಟ್ಟಿಯಲ್ಲಿ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳಿವೆ, ಟವರ್ ಹೆಸರಿಲ್ಲ. ಟವರಿಗೆ ಬೇಕಾಗುವುದು ಸುಮಾರು ಎರಡು ಗುಂಟೆ, ಆದರೂ ಕಡತ ಇಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ದೂರಸಂಪರ್ಕದ ಮಾರ್ಗಹಕ್ಕು ನಿಯಮಗಳು (ಕೇಬಲ್ ಎಳೆಯಲು, ಟವರ್ ನಿಲ್ಲಿಸಲು ಜಾಗ ಬಳಸುವ ಅನುಮತಿಯ ನಿಯಮಗಳು) 2025ರ ಜನವರಿ 1ರಿಂದ ಹೊಸದಾಗಿ ಬಂದಿವೆ, ಅನುಮತಿಗೆ ಗಡುವು ಇಟ್ಟಿವೆ. ಆದರೆ ಅರಣ್ಯ ಕಾಯ್ದೆಯನ್ನು ಅವು ದಾಟಲಾರವು. ಅಣಶಿ, ದಾಂಡೇಲಿ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾದರೆ ವನ್ಯಜೀವಿ ಕಾಯ್ದೆಯ ಮೆಟ್ಟಿಲನ್ನೂ ಹತ್ತಬೇಕು. ಕಾಡು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಡಿನೊಳಗೆ ತಲೆಮಾರುಗಳಿಂದ ಇರುವವರಿಗೆ 108ಕ್ಕೆ ಕರೆ ಮಾಡಲು ಎರಡು ಗುಂಟೆ ಕೊಟ್ಟರೆ ಕಾಡು ಹಾಳಾಗುತ್ತದೆ ಎಂಬ ವಾದವನ್ನು ಮಾತ್ರ ಒಪ್ಪಲಾಗದು. ಕೇಬಲ್ ವಿಷಯದಲ್ಲಿ ಕಾನೂನು ಈಗಾಗಲೇ ಸಡಿಲವಿದೆ: ಇರುವ ರಸ್ತೆಯ ಮಿತಿಯೊಳಗೆ, ಮರ ಕಡಿಯದೆ, 2 ಮೀಟರ್ ಆಳ 1 ಮೀಟರ್ ಅಗಲ ಮೀರದ ಕಾಲುವೆ ತೋಡಿ ಕೇಬಲ್ ಹೂಳಲು, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯದ ಹೊರಗೆ, ಸಾಮಾನ್ಯ ಅನುಮೋದನೆ ಇದೆ.

ತರಂಗಾಂತರದ ಆಯ್ಕೆ ಸ್ವಲ್ಪ ಮಟ್ಟಿಗೆ ಗುಡ್ಡದ ವಿರುದ್ಧ ಸಹಾಯಕ್ಕೆ ಬರುತ್ತದೆ. ಬಿಎಸ್‌ಎನ್‌ಎಲ್ 4ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ಉಳಿದದ್ದೆಲ್ಲ ಸಮವಿದ್ದರೆ 700ರಲ್ಲಿ ತೆರೆದ ಜಾಗದ ನಷ್ಟ 2100ಕ್ಕಿಂತ ಸುಮಾರು 9.5 ಡೆಸಿಬೆಲ್ ಕಡಿಮೆ, ಅಂದರೆ ಅದೇ ದೂರದಲ್ಲಿ ಒಂಬತ್ತು ಪಟ್ಟು ಹೆಚ್ಚು ಶಕ್ತಿ. ಎಲೆ, ಗೋಡೆ ತೂರುವುದರಲ್ಲೂ ಅದೇ ಮುಂದು. ಇಲ್ಲಿ ಗ್ರಾಹಕರ ಕಡೆಯ ಒಂದು ತಾಪತ್ರಯವಿದೆ. 700 ಮೆಗಾಹರ್ಟ್ಸ್ ಎಂದರೆ ಫೋನಿನ ಭಾಷೆಯಲ್ಲಿ ಬ್ಯಾಂಡ್ 28. ಹಳೆಯ ಅಗ್ಗದ 4ಜಿ ಫೋನುಗಳಲ್ಲಿ ಅನೇಕಕ್ಕೆ ಅದು ಇಲ್ಲ. ಹಳೆಯ ಬಿಎಸ್‌ಎನ್‌ಎಲ್ ಸಿಮ್ ಇದ್ದರೆ 4ಜಿ ಸಿಮ್‌ಗೆ ಬದಲಾಯಿಸಿಕೊಳ್ಳಬೇಕು, ಫೋನಿನಲ್ಲಿ ವೋಲ್ಟಿ (4ಜಿಯಲ್ಲೇ ಮಾತಾಡುವ ಸೌಲಭ್ಯ) ಆನ್ ಇರಬೇಕು. ಊರಿಗೆ ಹೊಸ ಟವರ್ ಬಂದರೂ ‘ನಮ್ಮ ಮೊಬೈಲಿಗೆ ಮಾತ್ರ ರೇಂಜೇ ಇಲ್ಲ’ ಎನ್ನುವವರು ಮೊದಲು ಈ ಮೂರನ್ನು ನೋಡಿಕೊಳ್ಳಲಿ.

ಮಳೆಗಾಲದಲ್ಲಿ ಟವರ್ ಸಾಯುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಕರೆಂಟ್ ಮತ್ತು ಕೇಬಲ್.

ಕರೆಂಟಿನ ಲೆಕ್ಕ ಸರಳ, ಆದರೆ ಕಣ್ಣು ತೆರೆಸುವಂಥದ್ದು. ಟವರ್ ಉಪಕರಣ ನಡೆಯುವುದು 48 ವೋಲ್ಟ್ ಬ್ಯಾಟರಿಯಲ್ಲಿ. ಹೊರೆ 1.5 ಕಿಲೋವ್ಯಾಟ್ ಎಂದರೆ ಸುಮಾರು 31 ಆಂಪಿಯರ್. 600 ಆಂಪಿಯರ್ ಅವರ್‌ನ ಹೊಸ ಸೀಸದ ಬ್ಯಾಟರಿಯಲ್ಲಿ ಶೇ. 80 ಬಳಸಿದರೆ 480. ಭಾಗಿಸಿದರೆ ಹದಿನೈದು ಗಂಟೆ. ಸಾಮರ್ಥ್ಯ ಅರ್ಧಕ್ಕಿಳಿದ ಹಳೆ ಬ್ಯಾಟರಿಯಾದರೆ ಏಳೂವರೆ. ನಿಜವಾದ ಕಷ್ಟ ಚಾರ್ಜ್ ಆಗುವುದರಲ್ಲಿದೆ. ಇಂಥ ಬ್ಯಾಟರಿಗೆ ಸಾಮರ್ಥ್ಯದ ಶೇ. 10ರಷ್ಟು, ಅಂದರೆ 60 ಆಂಪಿಯರ್‌ನಲ್ಲಿ ಚಾರ್ಜ್ ಕೊಡುವುದು ವಾಡಿಕೆ. ಖಾಲಿಯಾದ 480ನ್ನು ತುಂಬಲು ಕನಿಷ್ಠ ಎಂಟು ಗಂಟೆ ಸತತ ಕರೆಂಟ್ ಬೇಕು. ಆಷಾಢದ ಗಾಳಿಮಳೆಯಲ್ಲಿ ಹೆಸ್ಕಾಂ ಲೈನ್ ದಿನಕ್ಕೆ ನಾಲ್ಕು ಗಂಟೆ ಮಾತ್ರ ಇದ್ದರೆ ತುಂಬುವುದು 240. ಅದು ಮತ್ತೆ ಎಂಟು ಗಂಟೆಗೂ ಸಾಲದು. ಕರೆಂಟ್ ಇದ್ದ ನಾಲ್ಕು ಗಂಟೆ ಸೇರಿಸಿದರೂ ಟವರ್ ಜೀವಂತ ಇರುವುದು ದಿನಕ್ಕೆ ಸುಮಾರು ಹನ್ನೆರಡು ಗಂಟೆ. ದಿನವೂ ಅರೆಹೊಟ್ಟೆಯ ಬ್ಯಾಟರಿ ಸಲ್ಫೇಟ್ ಕಟ್ಟಿ ಒಂದೇ ಮಳೆಗಾಲದಲ್ಲಿ ಮುದಿಯಾಗುತ್ತದೆ, ಮುಂದಿನ ವರ್ಷ ಲೆಕ್ಕ ಇನ್ನೂ ಕೆಟ್ಟದಾಗುತ್ತದೆ. ಜನರೇಟರ್ ಇದ್ದ ಕಡೆ ಡೀಸೆಲ್ ತರುವ ಜೀಪು ಹೋಗುವ ರಸ್ತೆಯೂ ಅದೇ ಮಳೆಯಲ್ಲಿ ಬಂದ್. ಒಂಟಿ ಟವರ್‌ಗಳಿಗೆ ಲಿಥಿಯಂ ಬ್ಯಾಟರಿ ಹಾಕಿದರೆ ಚಾರ್ಜ್ ಬೇಗ ಹಿಡಿಯುತ್ತದೆ. ಸೌರಫಲಕ ಬೇಸಿಗೆಗೆ ಒಳ್ಳೆಯದು, ಜುಲೈನಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು.

ಊರಿನವರು ಸುಲಭವಾಗಿ ಮಾಡಬಹುದಾದ ಒಂದು ಪತ್ತೆ ಕೆಲಸವಿದೆ. ಕರೆಂಟ್ ಹೋದ ಹೊತ್ತು ಮತ್ತು ಸಿಗ್ನಲ್ ಹೋದ ಹೊತ್ತು ಎರಡನ್ನೂ ಬರೆದಿಡಿ. ಅಂತರ ಅರ್ಧ ಗಂಟೆಯಾಗಿದ್ದರೆ ಬ್ಯಾಟರಿ ಸತ್ತಿದೆ ಎಂದೇ ಅರ್ಥ. ಕರೆಂಟ್ ಇದ್ದೂ ಸಿಗ್ನಲ್ ಹೋದರೆ ಕೇಬಲ್ ಕಡೆ ಅನುಮಾನ ಹೋಗಬೇಕು. ಕಡ್ಡಿ ತುಂಬ ಇದ್ದೂ ಡೇಟಾ ಓಡದಿದ್ದರೆ ಟವರನ್ನು ಹೊರಗಿನ ಜಾಲಕ್ಕೆ ಜೋಡಿಸುವ ಸಂಪರ್ಕ ಸಾಲುತ್ತಿಲ್ಲ. ದೂರಿನಲ್ಲಿ ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಬರೆಯುವುದಕ್ಕೂ ‘ಕರೆಂಟ್ ಹೋದ 25 ನಿಮಿಷಕ್ಕೆ ಟವರ್ ನಿಲ್ಲುತ್ತದೆ, ಬ್ಯಾಟರಿ ಬದಲಿಸಿ’ ಎಂದು ಬರೆಯುವುದಕ್ಕೂ ಬಹಳ ಅಂತರವಿದೆ.

ಕೇಬಲ್ ಹೋಗುವುದು ರಸ್ತೆಯ ಬದಿಯಲ್ಲಿ, ಘಟ್ಟದ ರಸ್ತೆಯ ಜಾತಕವೇ ಅದರ ಜಾತಕ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು: ಗುಡ್ಡವೇ ಇಳಿದು ಬಂದ ಕಡೆ ಒಂದೂವರೆ ಮೀಟರ್ ಆಳದ ಕೇಬಲ್ ಏನು ತಡೆಯಬಲ್ಲದು? ಅದಕ್ಕಿಂತ ಹೆಚ್ಚು ಸಲ ಕತ್ತರಿಸುವುದು ಜೆಸಿಬಿ. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರಿಂದ ಇದೆ; ರಸ್ತೆ ಅಗಲೀಕರಣದ ಗುತ್ತಿಗೆದಾರರು ಅದನ್ನು ಬಳಸಿದ್ದಾರೆಯೇ ಎಂದು ಪಂಚಾಯಿತಿ ಕೇಳಬಹುದು. ದುರಸ್ತಿ ತಡವಾಗಲು ಇನ್ನೊಂದು ಕಾರಣ ಹೊರಗಿನವರಿಗೆ ತಿಳಿಯದು. ಕೇಬಲಿನೊಳಗೆ ಬೆಳಕು ಬಿಟ್ಟು ಪರೀಕ್ಷಿಸುವ ಓಟಿಡಿಆರ್ ಯಂತ್ರ ತುಂಡಾದ ಜಾಗವನ್ನು ‘ಇಲ್ಲಿಂದ 11.4 ಕಿಲೋಮೀಟರ್’ ಎಂದು ತೋರಿಸುತ್ತದೆ. ಅದು ಕೇಬಲಿನ ಉದ್ದ, ರಸ್ತೆಯ ಉದ್ದವಲ್ಲ. ಪ್ರತಿ ಜಾಯಿಂಟ್‌ನಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ ಇರುತ್ತದೆ. ಹಳೆಯ ಮಾರ್ಗದ ದಾಖಲೆ ಸರಿಯಿಲ್ಲದಿದ್ದರೆ ಇನ್ನೂರು ಮೀಟರ್ ಆಚೆ ಗುಂಡಿ ತೋಡಿ ಅರ್ಧ ದಿನ ಹಾಳು. ಪಂಚಾಯಿತಿಗಳಿಗೆ ಫೈಬರ್ ಕೊಡುವ ಕೇಂದ್ರದ ಯೋಜನೆಯಾದ ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಪಂಚಾಯಿತಿಗಳನ್ನು ಒಂದೇ ಎಳೆಯಲ್ಲಿ ಜೋಡಿಸಿದ್ದರಿಂದ ಒಂದು ಕಡೆ ತುಂಡಾದರೆ ಮುಂದಿನದೆಲ್ಲ ಕತ್ತಲು. 2023ರಲ್ಲಿ ಒಪ್ಪಿಗೆಯಾದ 1,39,579 ಕೋಟಿಯ ತಿದ್ದುಪಡಿ ಯೋಜನೆ ಉಂಗುರದಾಕಾರದಲ್ಲಿ ಜೋಡಿಸುವ ಮಾತಾಡುತ್ತದೆ. ಘಟ್ಟದಲ್ಲಿ ಉಂಗುರದ ಎರಡೂ ತೋಳು ಒಂದೇ ರಸ್ತೆಯಲ್ಲಿ ಹೋದರೆ ಅದು ಕಾಗದದ ಮೇಲಿನ ಉಂಗುರ. ಒಂದು ತೋಳು ದೇವಿಮನೆ ಘಟ್ಟದಲ್ಲಿ ಹೋದರೆ ಇನ್ನೊಂದು ಅರಬೈಲ್‌ನಲ್ಲಿ ಹೋಗಬೇಕು.

ಕೇಬಲ್ ಮುಟ್ಟದ ಕಡೆ ಮೈಕ್ರೋವೇವ್, ಅಂದರೆ ಒಂದು ಟವರಿನ ತಟ್ಟೆಯಿಂದ ಇನ್ನೊಂದರ ತಟ್ಟೆಗೆ ಗಾಳಿಯಲ್ಲೇ ಸಾಗುವ ಸಂಪರ್ಕ. ಇಪ್ಪತ್ತು ಕಿಲೋಮೀಟರ್ ದೂರ, 15 ಗಿಗಾಹರ್ಟ್ಸ್ ಎಂದರೆ ಎರಡು ತಟ್ಟೆಗಳ ನಡುವೆ ನೇರ ನೋಟ ಇದ್ದರೆ ಸಾಲದು, ನಡುಮಧ್ಯದಲ್ಲಿ ಸುತ್ತ ಹತ್ತು ಮೀಟರ್‌ನಷ್ಟು ಖಾಲಿ ಬೇಕು. ಹತ್ತು ವರ್ಷದ ಹಿಂದೆ ಖಾಲಿ ಇದ್ದ ಗೆರೆಗೆ ಇಂದು ಮರದ ತುದಿ ಬೆಳೆದು ತಾಗಿರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆ ಕಂಡುಕೊಂಡ ಬೇರೆ ದಾರಿ ಮನೆಗೇ ಫೈಬರ್. ಪೇಟೆಯ ಕೆಲಸ ಮನೆಯಿಂದ ಮಾಡುವ ಮಕ್ಕಳು ಊರಿಗೆ ಬಂದ ಮೇಲೆ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ ಹಾಯ್ದುಹೋಯಿತು. ಇಲ್ಲಿ ಎಲ್ಲವೂ ಬೆಳಕಿನ ಲೆಕ್ಕ. ಅದನ್ನು ಅಳೆಯುವ ಮಾನ ಡಿಬಿಎಂ, ಸಂಖ್ಯೆ ಕೆಳಗಿಳಿದಷ್ಟೂ ಶಕ್ತಿ ಕಡಿಮೆ. ಕಂಪನಿಯ ಎಕ್ಸ್‌ಚೇಂಜ್‌ನಿಂದ ಸುಮಾರು +3 ಡಿಬಿಎಂ ಹೊರಟರೆ, 12 ಕಿಲೋಮೀಟರ್ ಕೇಬಲ್‌ಗೆ 3, ಎಂಟಕ್ಕೆ ಒಡೆಯುವ ಸ್ಪ್ಲಿಟರ್‌ಗೆ ಹತ್ತೂವರೆ, ಮುಂದೆ ನಾಲ್ಕಕ್ಕೆ ಒಡೆಯುವುದಕ್ಕೆ ಏಳು, ಜಾಯಿಂಟು-ಕನೆಕ್ಟರ್‌ಗಳಿಗೆ ಮೂರು ಕಳೆದು ಮನೆಯಲ್ಲಿ ಸುಮಾರು −20 ಸಿಗುತ್ತದೆ. −27 ದಾಟಿದರೆ ಮನೆಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಕೆಂಪು ದೀಪ ಮಿನುಗುತ್ತದೆ. ಸೋಗೆ ಬಿದ್ದು ಕೇಬಲ್ ಚೂಪಾಗಿ ಮಡಚಿದರೆ, ಮಂಗ ಜೋತಾಡಿ ಎಳೆದರೆ ಒಂದೊಂದು ಕಡೆಯೂ ಒಂದೆರಡು ಡೆಸಿಬೆಲ್ ಹೋಗುತ್ತದೆ. ಅಂಥ ಮೂರ್ನಾಲ್ಕು ಜಾಗ ಸೇರಿದರೆ ಸಂಪರ್ಕ ಹೋಗಿಬಂದು ಮಾಡತೊಡಗುತ್ತದೆ. ಹಾಕಿದ ದಿನ ಮನೆಯಲ್ಲಿ ಎಷ್ಟು ಡಿಬಿಎಂ ಬಂತು ಎಂದು ಕೇಳಿ ಗೋಡೆಯ ಮೇಲೆ ಬರೆದಿಡಿ. ನಂತರದ ರಗಳೆಗೆಲ್ಲ ಅದೇ ಆಧಾರ. ಸಿಡಿಲಿಗೆ ಗಾಜಿನ ಎಳೆ ಸುಡುವುದಿಲ್ಲ, ಸುಡುವುದು ಕರೆಂಟ್ ದಾರಿಯಲ್ಲಿ ಅಡಾಪ್ಟರ್ ಮತ್ತು ಪೆಟ್ಟಿಗೆ. ಗುಡುಗು ಶುರುವಾದಾಗ ಪ್ಲಗ್ ಕಿತ್ತಿಡಬೇಕು. ಕೇಬಲ್ ಜೊತೆ ಉಕ್ಕಿನ ತಂತಿ ಇದ್ದರೆ ಅದನ್ನು ಮನೆಯ ಹೊರಗೇ ಬಿಗಿದು ನಿಲ್ಲಿಸಬೇಕು.

ದೂರು ಕೊಡುವ ಕ್ರಮವನ್ನು ಬೇಗ ಹೇಳಿಬಿಡಬಹುದು. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ವಿವರ, ಅದರೊಳಗೆ ಸಿಮ್ ಸ್ಥಿತಿ ತೆರೆದರೆ ಸಿಗ್ನಲ್ ಡಿಬಿಎಂನಲ್ಲಿ ಕಾಣುತ್ತದೆ. 4ಜಿಯಲ್ಲಿ −90ರ ಸುತ್ತ ಒಳ್ಳೆಯದು, −110 ದಾಟಿದರೆ ಒದ್ದಾಟ, −120ಕ್ಕೆ ಮಾತು ತುಂಡಾಗುತ್ತದೆ. ಅಂಗಳ, ಮನೆಯೊಳಗೆ, ಶಾಲೆ, ಪಡಿತರ ಅಂಗಡಿ ಇಷ್ಟು ಕಡೆಯ ಸಂಖ್ಯೆ ಬರೆದುಕೊಂಡು ಕಂಪನಿಯ ವ್ಯಾಪ್ತಿ ನಕ್ಷೆಯಲ್ಲಿ ಅದೇ ಜಾಗದ ಚಿತ್ರ ತೆಗೆಯಿರಿ. ನಂತರ 198ಕ್ಕೆ ದೂರು, ಅದರ ಡಾಕೆಟ್ ಸಂಖ್ಯೆ ಕೈಗೆ ಬರಲೇಬೇಕು. ಪರಿಹಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗ. ಮನೆಗೊಂದರಂತೆ ಬಂದ ಡಾಕೆಟ್ ಸಂಖ್ಯೆಗಳನ್ನು ಪಂಚಾಯಿತಿ ಒಟ್ಟುಮಾಡಿ, ಮಜರೆವಾರು ಮನೆ ಎಣಿಕೆ, ಜಾಗದ ಅಕ್ಷಾಂಶ-ರೇಖಾಂಶ, ಟವರಿಗೆ ಒಪ್ಪುವ ನೆತ್ತಿಯ ಸರ್ವೆ ನಂಬರು, ಹತ್ತಿರದ ವಿದ್ಯುತ್ ಪರಿವರ್ತಕದ ದೂರ ಇಷ್ಟನ್ನೂ ಸೇರಿಸಿ ಗ್ರಾಮಸಭೆಯ ಠರಾವು ಮಾಡಿದರೆ ಅದು ಬರೀ ಮನವಿಯಾಗಿ ಉಳಿಯುವುದಿಲ್ಲ.

ಟವರ್ ಬರುವವರೆಗೆ ಎರಡು ಸಣ್ಣ ವಿಷಯ ನೆನಪಿರಲಿ. ಫೋನ್ ‘ತುರ್ತು ಕರೆ ಮಾತ್ರ’ ಎಂದು ತೋರಿಸುತ್ತಿದ್ದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಎಂದರ್ಥ. 112ಕ್ಕೆ ಕರೆ ಪ್ರಯತ್ನಿಸಬಹುದು. ಡೇಟಾ ಓಡದ ಊರಿನಲ್ಲಿ ಡೇಟಾಗೆ ಹಣ ಕಟ್ಟಬೇಕಿಲ್ಲ: ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರವಾದ ವೋಚರ್‌ಗಳನ್ನು ಇಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿದೆ, ವಿಶೇಷ ವೋಚರ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿದೆ. ಇನ್ನು ನಿಧಿಯ ಹಣದಲ್ಲಿ ಕಟ್ಟಿದ 4ಜಿ ಟವರ್‌ಗಳನ್ನು ಬೇರೆ ಕಂಪನಿಯ ಗ್ರಾಹಕರೂ ಬಳಸುವ, ಒಂದೇ ವಲಯದೊಳಗಿನ ರೋಮಿಂಗ್ (ಇಂಟ್ರಾ ಸರ್ಕಲ್ ರೋಮಿಂಗ್) ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿದೆ. ಒಂದೇ ಟವರ್ ಇರುವ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಿಮ್ಮೂರಿನ ಟವರ್ ನಿಧಿಯದ್ದಾಗಿದ್ದೂ ಇನ್ನೊಂದು ಕಂಪನಿಯ ಸಿಮ್ ಹಿಡಿಯದಿದ್ದರೆ ಅದನ್ನು ದೂರಿನಲ್ಲಿ ಬರೆಯಿರಿ.

ಹಾಗಾದರೆ ಟ್ರಾಯ್‌ಗೆ ಏನು ಬರೆಯಬೇಕು? ಟ್ರಾಯ್ ಯಾವುದೇ ನಿಯಮ ಮಾಡುವ ಮುನ್ನ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಬರೆಯುವವರಲ್ಲಿ ಬಹುಪಾಲು ಕಂಪನಿಗಳೇ. ಗ್ರಾಮ ಪಂಚಾಯಿತಿ, ಸೊಸೈಟಿ, ಅಡಿಕೆ ಬೆಳೆಗಾರರ ಸಂಘ, ಮೀನುಗಾರರ ಸಂಘ ಯಾರು ಬೇಕಾದರೂ ಬರೆಯಬಹುದು. ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. ಕೇಳಬೇಕಾದದ್ದು ಮೂರು. ಸೇವೆ ಸ್ಥಗಿತದ ವರದಿಯ ಘಟಕ ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯಲಿ, ವ್ಯಾಲಿಡಿಟಿ ವಿಸ್ತರಣೆಯೂ ಅದನ್ನೇ ಅನುಸರಿಸಲಿ. ಟವರ್ ಸ್ಥಗಿತದ ತಿಂಗಳ ಅಂಕಿಗಳು ರಾಜ್ಯದ ಸರಾಸರಿಯ ಜೊತೆಗೆ ತಾಲ್ಲೂಕುವಾರು ಪ್ರಕಟವಾಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಪ್ರತ್ಯೇಕವಾಗಿ. ಮೂರನೆಯದು, ಪಶ್ಚಿಮ ಘಟ್ಟಕ್ಕೆ ಒಂದು ಪ್ರತ್ಯೇಕ ಅಧ್ಯಯನ. ಯಾರೂ ಕೇಳದಿದ್ದರೂ ತಾನಾಗಿಯೇ ಶಿಫಾರಸು ಮಾಡುವ ಅಧಿಕಾರವನ್ನು ಟ್ರಾಯ್ ಕಾಯ್ದೆಯ ಸೆಕ್ಷನ್ 11 ಕೊಟ್ಟಿದೆ. ಹಿಮಾಚಲ ಪ್ರದೇಶದ ದೂರದ ಹಳ್ಳಿಗಳಿಗಾಗಿಯೇ 2021ರ ನವೆಂಬರ್‌ನಲ್ಲಿ ಅದು ಬೇರೆ ಶಿಫಾರಸು ಕೊಟ್ಟಿತು. ಹಿಮಕ್ಕೆ ಸಿಕ್ಕ ಅಧ್ಯಯನ ಮಳೆಗೂ ಸಿಗಬೇಕು: ಜೊಯಿಡಾ, ಅಂಕೋಲಾದ ಒಳಭಾಗ, ಸಿದ್ದಾಪುರ ಮತ್ತು ಹೊನ್ನಾವರದ ಘಟ್ಟದಂಚು ಇವುಗಳನ್ನು ಜುಲೈನಲ್ಲೇ ಬಂದು ನೋಡುವಂಥ ಅಧ್ಯಯನ, ಮಜರೆಯೇ ಘಟಕವಾಗಿ.